‘ಗರಿಷ್ಠ’ ಎಂದಾಗ ಕಡಿಮೆಯದನ್ನು ಏಕೆ ತೆಗೆದುಕೊಳ್ಳಬೇಕು? – ಮನೆ ಚಾರ್ಜರ್ ಸಹಾಯಧನದ ಮೂಲಕ ಶೇಕಡಾ ಪಾಠ

800ರ ಶೇ. 75 ಎಷ್ಟು ಎಂದು ಕೇಳಿದರೆ ಒಂಬತ್ತನೇ ತರಗತಿಯ ಬಹುತೇಕ ಮಕ್ಕಳು 600 ಎಂದು ತಡವಿಲ್ಲದೆ ಹೇಳುತ್ತಾರೆ. ಆದರೆ ಸರ್ಕಾರದ ಆದೇಶದಲ್ಲಾಗಲಿ ಅಂಗಡಿಯ ಜಾಹೀರಾತಿನಲ್ಲಾಗಲಿ ಶೇಕಡಾ ಒಂಟಿಯಾಗಿ ಬರುವುದು ಕಡಿಮೆ. ‘ಶೇ. 75, ಗರಿಷ್ಠ 350’ ಎಂಬಂತೆ ಅದರ ಹಿಂದೆಯೇ ಒಂದು ಮಿತಿ ಬರುತ್ತದೆ. ಈ ಎರಡನೆಯ ಭಾಗವನ್ನು ಓದಲು ನಾವು ಮಕ್ಕಳಿಗೆ ಪ್ರತ್ಯೇಕವಾಗಿ ಕಲಿಸುವುದಿಲ್ಲ. ದಪ್ಪ ಅಕ್ಷರದ ಶೇಕಡಾವನ್ನು ನಂಬಿ ಹಣ ಹೊಂದಿಸಿದ ಮನೆಯವರಿಗೆ ಬಿಲ್ ಬಂದ ಮೇಲೆ ಸಣ್ಣ ಅಕ್ಷರದ ಮಿತಿ ಅರ್ಥವಾಗುತ್ತದೆ. ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ 9ನೇ ತರಗತಿಗೆ ತಲಾ 40 ನಿಮಿಷಗಳ ಎರಡು ಅವಧಿಗಳಲ್ಲಿ ನಾನು ಬೋಧಿಸಿದ ಈ ಪಾಠದ ಉದ್ದೇಶ ಆ ಎರಡನೆಯ ಭಾಗವನ್ನು ಗಣಿತವಾಗಿ ಓದಿಸುವುದು.

ವಸ್ತುವಿನ ಆಯ್ಕೆ

ವಿದ್ಯುತ್ ಕಾರಿಗೆ ಮನೆಯಲ್ಲೇ ಚಾರ್ಜರ್ ಅಳವಡಿಸಿಕೊಳ್ಳುವವರಿಗೆ ಕೆಲವು ಸರ್ಕಾರಗಳು ಕೊಟ್ಟಿರುವ ಸಹಾಯಧನವನ್ನು ಪಾಠದ ವಸ್ತುವಾಗಿ ತೆಗೆದುಕೊಂಡೆ. ಎರಡು ಉದಾಹರಣೆಗಳನ್ನು ಬಳಸಿದೆ.

ಮೊದಲನೆಯದು ಬ್ರಿಟನ್ನಿನದು. ಅಲ್ಲಿನ ಮನೆ ಚಾರ್ಜರ್ ಯೋಜನೆಯಲ್ಲಿ ಚಾರ್ಜರ್ ಮತ್ತು ಅಳವಡಿಕೆಯ ಖರ್ಚಿನ ಶೇ. 75ರಷ್ಟನ್ನು ಸರ್ಕಾರ ಭರಿಸುತ್ತಿತ್ತು. ಮಿತಿ ಮೊದಲು 500 ಪೌಂಡ್ ಇದ್ದದ್ದು 2020ರ ಏಪ್ರಿಲ್‌ನಲ್ಲಿ 350 ಪೌಂಡ್‌ಗೆ ಇಳಿಯಿತು. ಹಣ ನೇರವಾಗಿ ಮನೆಯವರ ಕೈಗೆ ಬರುತ್ತಿರಲಿಲ್ಲ. ಮಾನ್ಯತೆ ಪಡೆದ ಅಳವಡಿಕೆದಾರರು ಬಿಲ್ಲಿನಲ್ಲಿ ಕಳೆದುಕೊಟ್ಟು, ಆ ಮೊತ್ತವನ್ನು ಸರ್ಕಾರದಿಂದ ಪಡೆಯುತ್ತಿದ್ದರು. 2022ರ ಏಪ್ರಿಲ್‌ನಿಂದ ಸ್ವಂತ ಬಿಡಿ ಮನೆಯಲ್ಲಿ ಇರುವವರನ್ನು ಕೈಬಿಟ್ಟು, ಬಾಡಿಗೆದಾರರು ಮತ್ತು ಫ್ಲ್ಯಾಟ್‌ಗಳಲ್ಲಿ ವಾಸಿಸುವವರ ಕಡೆಗೆ ಯೋಜನೆಯನ್ನು ತಿರುಗಿಸಲಾಯಿತು.

ಎರಡನೆಯದು ದೆಹಲಿಯದು. 2020ರ ಆಗಸ್ಟ್‌ನಲ್ಲಿ ಪ್ರಕಟವಾದ ದೆಹಲಿ ವಿದ್ಯುತ್ ವಾಹನ ನೀತಿಯಲ್ಲಿ ಖಾಸಗಿ ಚಾರ್ಜಿಂಗ್ ಉಪಕರಣದ ಖರೀದಿಗೆ ಶೇ. 100ರಷ್ಟು, ಒಂದು ಚಾರ್ಜಿಂಗ್ ಪಾಯಿಂಟಿಗೆ ಗರಿಷ್ಠ 6,000 ರೂಪಾಯಿ, ಮೊದಲ 30,000 ಪಾಯಿಂಟುಗಳಿಗೆ ಮಾತ್ರ ಎಂದು ಹೇಳಲಾಗಿತ್ತು.

ನಮ್ಮ ಮಕ್ಕಳ ಮನೆಗಳಲ್ಲಿ ವಿದ್ಯುತ್ ಕಾರು ಇಲ್ಲ. ದೂರದ ಉದಾಹರಣೆ ಏಕೆ ಎಂದು ಮಾರ್ಗದರ್ಶಕ ಶಿಕ್ಷಕರು ಪಾಠಯೋಜನೆ ನೋಡಿದಾಗಲೇ ಕೇಳಿದರು. ತಮ್ಮ ಮನೆಯ ಯೋಜನೆಯಿಂದ ಆರಂಭಿಸಿದರೆ ‘ನಮಗೆ ಬಂತು, ಅವರಿಗೆ ಬರಲಿಲ್ಲ’ ಎಂಬ ಮಾತು ನಿಯಮಕ್ಕಿಂತ ಮುಂದೆ ಬರುತ್ತದೆ. ತಮಗೆ ಲಾಭನಷ್ಟವಿಲ್ಲದ ಉದಾಹರಣೆಯಲ್ಲಿ ಮಕ್ಕಳು ನಿಯಮವನ್ನೇ ನೋಡುತ್ತಾರೆ ಎಂಬುದು ನನ್ನ ಉತ್ತರವಾಗಿತ್ತು. ಎರಡನೇ ಅವಧಿಯಲ್ಲಿ ಗೃಹಜ್ಯೋತಿಗೆ ಬರುವುದಾದರೆ ಆಗಲಿ ಎಂದು ಅವರು ಒಪ್ಪಿದರು.

ಕಲಿಕಾ ಫಲಗಳು

1. ‘ಶೇ. ಇಷ್ಟು, ಗರಿಷ್ಠ ಇಷ್ಟು’ ಎಂಬ ನಿಯಮವನ್ನು ಸ್ವಂತ ಮಾತಿನಲ್ಲಿ ಹೇಳುವುದು.
2. ಶೇಕಡಾ ನಿಂತು ಮಿತಿ ಆರಂಭವಾಗುವ ತಿರುವು ಬಿಂದುವನ್ನು ಲೆಕ್ಕ ಹಾಕುವುದು.
3. ನಿಯಮವನ್ನು ನಕ್ಷೆಯಲ್ಲಿ ತೋರಿಸುವುದು.
4. ಒಂದು ನಿಯಮ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ನೆರವಾಗುತ್ತದೆ ಎಂದು ಲೆಕ್ಕದ ಆಧಾರದ ಮೇಲೆ ಚರ್ಚಿಸುವುದು.

ಬೋಧನೋಪಕರಣಗಳು: ನಕ್ಷೆ ಹಾಳೆ, ಅಳತೆಪಟ್ಟಿ, ನಿಯಮಗಳನ್ನು ಬರೆದ ಮೂರು ಪಟ್ಟಿಗಳು, ಮಕ್ಕಳು ಮನೆಯಿಂದ ತಂದ ಹಳೆಯ ವಿದ್ಯುತ್ ಬಿಲ್ಲುಗಳು.

ಮೊದಲ ಅವಧಿ

ಪೂರ್ವಜ್ಞಾನ ಪರೀಕ್ಷೆಗೆ ಮೊಬೈಲಿನಲ್ಲಿ ಬರುವಂಥ ಒಂದು ಕೂಪನ್ನಿನ ಸಾಲನ್ನು ಹಲಗೆಯ ಮೇಲೆ ಬರೆದೆ: ‘ಶೇ. 50 ರಿಯಾಯಿತಿ, ಗರಿಷ್ಠ ರೂ. 100’. ಬಿಲ್ 160 ರೂಪಾಯಿ ಆದರೆ ರಿಯಾಯಿತಿ 80 ಎಂದು ಎಲ್ಲರೂ ಹೇಳಿದರು. ಬಿಲ್ 300 ಆದರೆ? 150 ಎಂದು ಕೆಲವರು, 100 ಎಂದು ಕೆಲವರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೇಳಿದಳು: “ಮೇಡಂ, ಗರಿಷ್ಠ ಅಂದ್ರೆ ಜಾಸ್ತಿ ಅಲ್ವಾ? ಮತ್ತೆ ಕಡಿಮೆ ಇರೋದನ್ನ ಯಾಕೆ ತಗೋಬೇಕು?”

ಈ ಪ್ರಶ್ನೆಯೇ ಪಾಠದ ಕೇಂದ್ರ. ‘ಗರಿಷ್ಠ’ ಎಂಬ ಪದ ಕೊಡುವವರ ಕಡೆಯಿಂದ ಬರೆದದ್ದು. ಅವರು ಕೊಡಬಹುದಾದ ಹೆಚ್ಚೆಂದರೆ ಹೆಚ್ಚಿನ ಮೊತ್ತ ಅದು. ಪಡೆಯುವವರ ಕಡೆಯಿಂದ ಅದೇ ನಿಯಮ ‘ಎರಡರಲ್ಲಿ ಯಾವುದು ಕಡಿಮೆಯೋ ಅದು’ ಎಂದಾಗುತ್ತದೆ. ಉತ್ತರವನ್ನು ನಾನೇ ಹೇಳದೆ, ‘ಗರಿಷ್ಠ’ ಎಂಬ ಪದ ಬಳಸದೆ ನಿಯಮವನ್ನು ಮತ್ತೆ ಬರೆಯುವಂತೆ ಗುಂಪುಗಳಿಗೆ ಹೇಳಿದೆ. ‘ಎಷ್ಟೇ ಆದರೂ ನೂರು ದಾಟುವಂತಿಲ್ಲ’ ಎಂದು ಒಂದು ಗುಂಪು ಬರೆಯಿತು. “ಬಿಂದಿಗೆ ತುಂಬಿದ ಮೇಲೆ ಎಷ್ಟು ಹುಯ್ದರೂ ಅಷ್ಟೇ” ಎಂದು ಇನ್ನೊಂದು ಗುಂಪಿನ ಹುಡುಗ ಹೇಳಿದ. ಆ ಬಿಂದಿಗೆಯನ್ನೇ ಮುಂದಿನ ಎಲ್ಲ ಹಂತಗಳಲ್ಲೂ ಬಳಸಿದೆವು.

ಬಳಿಕ ಚಾರ್ಜರಿನ ವಿಷಯಕ್ಕೆ ಬಂದೆವು. ಮನೆಯಲ್ಲಿ ಪ್ಲಗ್ ಇರುವಾಗ ಬೇರೆ ಚಾರ್ಜರ್ ಏಕೆ ಎಂಬುದಕ್ಕೆ ಭೌತಶಾಸ್ತ್ರದ ಸಣ್ಣ ಲೆಕ್ಕ ಸಾಕು. ಸಾಮರ್ಥ್ಯ ಎಂದರೆ ವಿಭವಾಂತರ ಮತ್ತು ವಿದ್ಯುತ್ ಪ್ರವಾಹಗಳ ಗುಣಲಬ್ಧ. 230 ವೋಲ್ಟ್‌ನಲ್ಲಿ 10 ಆಂಪಿಯರ್ ಹರಿದರೆ 2,300 ವ್ಯಾಟ್, ಅಂದರೆ 2.3 ಕಿಲೋವ್ಯಾಟ್. 32 ಆಂಪಿಯರಿನ ಚಾರ್ಜರಿನಲ್ಲಿ 7,360 ವ್ಯಾಟ್. ಕಾರಿನ ಬ್ಯಾಟರಿ 40 ಕಿಲೋವ್ಯಾಟ್ ಗಂಟೆಯದು, ನಷ್ಟವೇನೂ ಇಲ್ಲ ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ ಸುಮಾರು 17 ಗಂಟೆ 24 ನಿಮಿಷ, ಎರಡನೆಯದಕ್ಕೆ ಸುಮಾರು 5 ಗಂಟೆ 26 ನಿಮಿಷ ಬೇಕು. ಒಂದು ರಾತ್ರಿಯಲ್ಲಿ ಯಾವುದು ಮುಗಿಯುತ್ತದೆ ಎಂದು ಮಕ್ಕಳೇ ಹೇಳಿದರು. 32 ಆಂಪಿಯರ್ ತಡೆಯುವ ಪ್ರತ್ಯೇಕ ತಂತಿ ಮತ್ತು ಸುರಕ್ಷತಾ ವ್ಯವಸ್ಥೆ ಬೇಕಾದ್ದರಿಂದ ಖರ್ಚು ಬರುತ್ತದೆ. ಆ ಖರ್ಚಿಗೇ ಸಹಾಯಧನ.

ಬ್ರಿಟನ್ನಿನ 2020ರ ನಿಯಮವನ್ನು (ಶೇ. 75, ಗರಿಷ್ಠ 350 ಪೌಂಡ್) ಕೊಟ್ಟು ಪಟ್ಟಿಯನ್ನು ತುಂಬಿಸಿದೆ. ಖರ್ಚಿನ ಮೊತ್ತಗಳು ಲೆಕ್ಕಕ್ಕಾಗಿ ಆರಿಸಿಕೊಂಡವು.

| ಖರ್ಚು (ಪೌಂಡ್) | ಅದರ ಶೇ. 75 | ಸಿಗುವ ಸಹಾಯಧನ | ಮನೆಯವರು ಕೊಡುವುದು | ಸಹಾಯಧನ ಖರ್ಚಿನ ಶೇಕಡಾ ಎಷ್ಟು |
|---|---|---|---|---|
| 200 | 150 | 150 | 50 | 75 |
| 400 | 300 | 300 | 100 | 75 |
| 600 | 450 | 350 | 250 | 58.33 |
| 800 | 600 | 350 | 450 | 43.75 |
| 1,000 | 750 | 350 | 650 | 35 |

ಕೊನೆಯ ಕಂಬಸಾಲನ್ನು ತುಂಬುವಾಗ ತರಗತಿ ಸದ್ದಿಲ್ಲದೆ ಕೆಲಸ ಮಾಡಿತು. ತಲೆಬರಹದಲ್ಲಿ 75 ಇದ್ದರೂ 1,000 ಪೌಂಡ್ ಖರ್ಚಾದವರಿಗೆ ಸಿಕ್ಕಿದ್ದು ಶೇ. 35. ಹಳೆಯ ಮಿತಿಯಾದ 500 ಪೌಂಡ್ ಇದ್ದಾಗ ಅದೇ ಖರ್ಚಿಗೆ ಶೇ. 50 ಸಿಗುತ್ತಿತ್ತು. ಅಂದರೆ 2020ರಲ್ಲಿ ‘ಶೇ. 75’ ಎಂಬ ಮಾತು ಬದಲಾಗಲಿಲ್ಲ, ನೆರವು ಮಾತ್ರ ಕಡಿಮೆಯಾಯಿತು. ಶೇಕಡಾವನ್ನು ಮುಟ್ಟದೆ ಮಿತಿಯನ್ನು ಇಳಿಸಿದರೆ ಏನಾಗುತ್ತದೆ ಎಂಬುದನ್ನು ಮಕ್ಕಳು ಪಟ್ಟಿಯಿಂದಲೇ ಕಂಡುಕೊಂಡರು.

ತಿರುವು ಬಿಂದು ಮತ್ತು ನಕ್ಷೆ

400ಕ್ಕೂ 600ಕ್ಕೂ ನಡುವೆ ಎಲ್ಲೋ ಬಿಂದಿಗೆ ತುಂಬುತ್ತದೆ. ಎಲ್ಲಿ? ಖರ್ಚನ್ನು ‘ಖ’ ಎಂದೂ ಸಹಾಯಧನವನ್ನು ‘ಸ’ ಎಂದೂ ಕರೆದೆವು. ಮೊದಲ ಭಾಗದಲ್ಲಿ ಸ = 0.75 × ಖ. ಇದು 350 ಆಗಬೇಕಾದರೆ ಖ = 350 ÷ 0.75 = 466.67 ಪೌಂಡ್ (ಸುಮಾರಾಗಿ). ಅದರ ಬಳಿಕ ಸ = 350. ಮಿತಿ 500 ಇದ್ದಾಗ ಇದೇ ಬಿಂದು 666.67.

ನಕ್ಷೆ ಹಾಳೆಯ ಅಡ್ಡ ಅಕ್ಷದಲ್ಲಿ ಖರ್ಚು, ಲಂಬ ಅಕ್ಷದಲ್ಲಿ ಸಹಾಯಧನ. ಮೂಲಬಿಂದುವಿನಿಂದ ಏರುವ ಸರಳರೇಖೆ ತಿರುವು ಬಿಂದುವಿನಲ್ಲಿ ಮಡಚಿಕೊಂಡು ಸಮತಟ್ಟಾಗುತ್ತದೆ. ಅದೇ ಹಾಳೆಯಲ್ಲಿ ಮನೆಯವರು ಕೊಡುವ ಮೊತ್ತವನ್ನೂ ಗುರುತಿಸಿದರೆ ಆ ರೇಖೆ ಮೊದಲು ನಿಧಾನವಾಗಿ ಏರಿ, 116.67ರ ಬಳಿಕ ಕಡಿದಾಗಿ ಏರುತ್ತದೆ. ತಿರುವಿಗೆ ಮೊದಲು ಖರ್ಚು ಒಂದು ಪೌಂಡ್ ಹೆಚ್ಚಿದರೆ ಮನೆಯವರಿಗೆ ಕಾಲು ಪೌಂಡ್ ಹೊರೆ. ತಿರುವಿನ ನಂತರ ಇಡೀ ಪೌಂಡ್ ಅವರದೇ. ಓರೆ ಎಂದರೆ ಏನು ಎಂದು ವಿವರಿಸಲು ಇದಕ್ಕಿಂತ ಸುಲಭವಾದ ದಾರಿ ನನಗೆ ಸಿಕ್ಕಿಲ್ಲ.

ಎರಡನೇ ಅವಧಿ

ದೆಹಲಿಯ ನಿಯಮವನ್ನು ಮಕ್ಕಳೇ ನಕ್ಷೆಗಿಳಿಸಿದರು. ಇಲ್ಲಿ ಏರುವ ಭಾಗದ ಓರೆ 1. ಉಪಕರಣದ ಬೆಲೆ 6,000 ರೂಪಾಯಿಯವರೆಗೆ ಇದ್ದರೆ ಕೊಳ್ಳುವವರ ಪಾಲು ಸೊನ್ನೆ. ಆಗ ಒಂದು ಒಳ್ಳೆಯ ಚರ್ಚೆ ಹುಟ್ಟಿತು. 4,000 ರೂಪಾಯಿಯ ಉಪಕರಣವೂ ಉಚಿತ, 6,000ದ್ದೂ ಉಚಿತ ಎಂದಾದರೆ ಯಾರು 4,000ದ್ದನ್ನು ಹುಡುಕುತ್ತಾರೆ? ಬ್ರಿಟನ್ನಿನ ನಿಯಮದಲ್ಲಿ ಕಾಲು ಭಾಗ ಸದಾ ಮನೆಯವರದೇ ಆದ್ದರಿಂದ ಅಗ್ಗದ್ದನ್ನು ಹುಡುಕಲು ಸ್ವಲ್ಪವಾದರೂ ಕಾರಣವಿದೆ. ಆದರೆ ಕೈಯಲ್ಲಿ ಹಣವೇ ಇಲ್ಲದವರಿಗೆ ಆ ಕಾಲು ಭಾಗವೂ ಭಾರ ಎಂದು ಇನ್ನೊಂದು ಗುಂಪು ವಾದಿಸಿತು. ಎರಡೂ ಮಾತು ನಕ್ಷೆಯಿಂದಲೇ ಹೊರಟವು. ‘ಮೊದಲ 30,000’ ಎಂಬುದು ಎರಡನೇ ಮಿತಿ. ಸರ್ಕಾರಕ್ಕೆ ತಗಲುವ ಗರಿಷ್ಠ ವೆಚ್ಚ 30,000 × 6,000 = 18 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿದ ಮೇಲೆ, ಮಿತಿಗಳು ಏಕೆ ಇರುತ್ತವೆ ಎಂದು ಯಾರೂ ಕೇಳಲಿಲ್ಲ.

“ಮನೆ ಮುಂದೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲದವರು ಏನ್ ಮಾಡ್ಬೇಕು ಮೇಡಂ?” ಎಂದು ಒಬ್ಬ ಹುಡುಗ ಕೇಳಿದ. ಬ್ರಿಟನ್ನಿನ ಮೂಲ ಯೋಜನೆಯಲ್ಲಿ ರಸ್ತೆಯಿಂದ ಹೊರಗೆ ತಮ್ಮದೇ ನಿಲುಗಡೆ ಜಾಗ ಇರಬೇಕಿತ್ತು ಎಂದು ತಿಳಿಸಿ, 2022ರ ಬದಲಾವಣೆಯನ್ನು ಇಲ್ಲಿ ಹೇಳಿದೆ. ಸೂತ್ರ ಅದೇ, ಸೂತ್ರ ಯಾರಿಗೆ ಅನ್ವಯಿಸುತ್ತದೆ ಎಂಬುದು ಬೇರೆ. ಅರ್ಹತೆಯ ಷರತ್ತು ತಪ್ಪಿದವರಿಗೆ ಸ = 0. ಬಾಡಿಗೆ ಮನೆಗಳಿಂದ ಬರುವ ಮಕ್ಕಳು ಈ ಭಾಗದಲ್ಲಿ ಹೆಚ್ಚು ಮಾತನಾಡಿದರು.

ಗೃಹಜ್ಯೋತಿ: ಬೇರೆ ಆಕಾರದ ಮಿತಿ

ನಂತರ ವಿದ್ಯುತ್ ಬಿಲ್ಲುಗಳನ್ನು ತೆಗೆಸಿದೆ. 2023ರಲ್ಲಿ ಕರ್ನಾಟಕದಲ್ಲಿ ಆರಂಭವಾದಾಗ ಗೃಹಜ್ಯೋತಿಯ ನಿಯಮ ಹೀಗಿತ್ತು: 2022–23ರ ಮಾಸಿಕ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಒಟ್ಟು 200 ಯೂನಿಟ್ ಮಿತಿಯೊಳಗೆ. ಸರಾಸರಿ 120 ಯೂನಿಟ್ ಇದ್ದ ಮನೆಗೆ 132 ಯೂನಿಟ್ ಉಚಿತ. ಸರಾಸರಿ 190 ಇದ್ದರೆ ಶೇ. 10 ಸೇರಿ 209 ಆಗುತ್ತದೆ, ಆದರೆ ಬಿಂದಿಗೆ 200ಕ್ಕೇ ತುಂಬುತ್ತದೆ. ತಿರುವು ಬಿಂದು 200 ÷ 1.1, ಅಂದರೆ ಸುಮಾರು 181.8 ಯೂನಿಟ್. ಇಲ್ಲಿಯವರೆಗೆ ಎಲ್ಲವೂ ಚಾರ್ಜರಿನ ನಿಯಮದಂತೆಯೇ.

ತಿಂಗಳ ಬಳಕೆಯ ವಿಷಯಕ್ಕೆ ಬಂದಾಗ ಆಕಾರ ಬದಲಾಗುತ್ತದೆ. 132ರ ಅರ್ಹತೆ ಇರುವ ಮನೆ 150 ಯೂನಿಟ್ ಬಳಸಿದರೆ 18 ಯೂನಿಟ್‌ಗೆ ಹಣ ಕೊಡಬೇಕು. 201 ಯೂನಿಟ್ ಬಳಸಿದರೆ 69 ಯೂನಿಟ್‌ಗೆ ಅಲ್ಲ, ಇಡೀ 201 ಯೂನಿಟ್‌ಗೆ ಕೊಡಬೇಕು. ಚಾರ್ಜರಿನ ಸಹಾಯಧನ ಮಿತಿ ದಾಟಿದ ಮೇಲೆ ಸಮತಟ್ಟಾಗಿ ಉಳಿಯುತ್ತದೆ. ಇದು ಸೊನ್ನೆಗೆ ಬೀಳುತ್ತದೆ. ಬಿಂದಿಗೆಯ ಹೋಲಿಕೆ ಕೊಟ್ಟ ಹುಡುಗನೇ ಅದನ್ನು ತಿದ್ದಿದ: “ಇಲ್ಲಿ ಒಂದು ಲೋಟ ಜಾಸ್ತಿ ಆದ್ರೆ ಬಿಂದಿಗೇನೇ ಮಗುಚಿಕೊಳ್ಳುತ್ತೆ.” ಒಂದು ಯೂನಿಟ್‌ನ ವ್ಯತ್ಯಾಸ ಮನೆಯ ಬಿಲ್ಲಿಗೆ ಏನು ಮಾಡುತ್ತದೆ ಎಂಬುದನ್ನು ಮಕ್ಕಳು ಅಂದು ಮನೆಯಲ್ಲಿ ಹೇಳಿದರು ಎಂದು ಮರುದಿನ ತಿಳಿಯಿತು. ತಿಂಗಳ ಕೊನೆಯ ವಾರದಲ್ಲಿ ಮೀಟರ್ ನೋಡುವ ಕೆಲಸವನ್ನು ಒಬ್ಬಳಿಗೆ ಅವಳ ಅಜ್ಜಿಯೇ ಒಪ್ಪಿಸಿದರಂತೆ.

ಮೌಲ್ಯಮಾಪನ

1. ಅಮೆರಿಕದ ಕೇಂದ್ರ ಸರ್ಕಾರದ 2022ರ ಕಾಯ್ದೆಯಲ್ಲಿ ಅರ್ಹ ಪ್ರದೇಶದ ಮನೆ ಚಾರ್ಜರಿಗೆ ಖರ್ಚಿನ ಶೇ. 30, ಗರಿಷ್ಠ 1,000 ಡಾಲರ್ ತೆರಿಗೆ ಕಡಿತ ಇತ್ತು. ಖರ್ಚು 1,200 ಡಾಲರ್ ಮತ್ತು 4,000 ಡಾಲರ್ ಆದಾಗ ಕಡಿತ ಎಷ್ಟು? ತಿರುವು ಬಿಂದು ಎಲ್ಲಿ? (360, 1,000, ಸುಮಾರು 3,333.33)
2. ‘ಶೇ. 75, ಗರಿಷ್ಠ 350’ ನಿಯಮದಲ್ಲಿ ಒಂದು ಮನೆಗೆ ಖರ್ಚಿನ ಶೇ. 50 ಸಿಕ್ಕಿದೆ. ಖರ್ಚು ಎಷ್ಟು? (700 ಪೌಂಡ್)
3. ಸಮತಟ್ಟಾಗುವ ನಿಯಮ ಮತ್ತು ಬೀಳುವ ನಿಯಮ ಇವುಗಳಲ್ಲಿ ಮಿತಿಯ ಹತ್ತಿರ ಇರುವ ಮನೆಯವರು ಯಾವುದರಲ್ಲಿ ಹೆಚ್ಚು ಎಚ್ಚರವಾಗಿರಬೇಕು? ನಕ್ಷೆ ಬರೆದು ಕಾರಣ ಕೊಡಿ.

ಎರಡನೇ ಪ್ರಶ್ನೆ ಕಠಿಣವೆನಿಸಿತು. 75ರ ಬದಲು 50 ಎಂದ ಕೂಡಲೇ ಮಿತಿ ದಾಟಿದೆ ಎಂದು ಗುರುತಿಸಿದವರು 350 ÷ 0.5 ಎಂದು ನೇರವಾಗಿ ಬಿಡಿಸಿದರು. ನಕ್ಷೆಯನ್ನು ಅಚ್ಚುಕಟ್ಟಾಗಿ ಬರೆದಿದ್ದ ಮಕ್ಕಳಿಗೆ ಇದು ಬೇಗ ಹೊಳೆಯಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ತೆಗೆದುಕೊಳ್ಳುವವರಿಗೆ ಮೂರು ಸೂಚನೆಗಳು. ಪಟ್ಟಿಯ ಕೊನೆಯ ಕಂಬಸಾಲಿಗೆ ಸಮಯ ಉಳಿಸಿಕೊಳ್ಳಿ. ತಲೆಬರಹದ ಶೇಕಡಾಕ್ಕೂ ನಿಜವಾದ ಶೇಕಡಾಕ್ಕೂ ಇರುವ ಅಂತರ ಅಲ್ಲೇ ಕಾಣುವುದು. ‘ಗರಿಷ್ಠ’, ‘ಮಿತಿಯೊಳಗೆ’, ‘ಯಾವುದು ಕಡಿಮೆಯೋ ಅದು’, ‘ಮೀರಿದಲ್ಲಿ ಅನ್ವಯಿಸುವುದಿಲ್ಲ’ ಎಂಬ ನಾಲ್ಕು ಮಾತುಗಳನ್ನು ಭಾಷಾ ಪಾಠದಂತೆಯೇ ಕಲಿಸಿ. ಮೊದಲ ಮೂರರ ನಕ್ಷೆ ಒಂದೇ, ನಾಲ್ಕನೆಯದರದು ಬೇರೆ. ಯೋಜನೆ ಸರಿಯೋ ತಪ್ಪೋ ಎಂಬ ತೀರ್ಪನ್ನು ಶಿಕ್ಷಕರು ಕೊಡುವುದು ಬೇಡ. ನಿಯಮವನ್ನು ಸರಿಯಾಗಿ ಓದಬಲ್ಲ ಮಗು ತನ್ನ ಮನೆಗೆ ಎಷ್ಟು ಬರಬೇಕು ಎಂದು ಲೆಕ್ಕ ಹಾಕುತ್ತದೆ. ಬರದಿದ್ದರೆ ಕೇಳುವುದನ್ನೂ ಕಲಿಯುತ್ತದೆ.