ಗುಳಿಗೆ ಹೃದಯಕ್ಕೆ, ಲೆಕ್ಕ ಕಿಡ್ನಿಯದು

ಎದೆಬಡಿತದ ಲಯ ತಪ್ಪಿದ ಕೆಲವರಿಗೆ ವೈದ್ಯರು ಡಿಗಾಕ್ಸಿನ್ ಗುಳಿಗೆ ಬರೆಯುತ್ತಾರೆ. ಇದರ ಬಹುಪಾಲು ರೂಪ ಬದಲಿಸದೆ ಮೂತ್ರದಲ್ಲೇ ಹೊರಬೀಳುತ್ತದೆ. ಕಿಡ್ನಿ ಗಟ್ಟಿಯಿದ್ದರೆ ಮೈಯಲ್ಲಿರುವ ಔಷಧ ಅರ್ಧಕ್ಕಿಳಿಯಲು 36ರಿಂದ 48 ಗಂಟೆ ಸಾಕು. ಕಿಡ್ನಿ ಪೂರ್ತಿ ಸೋತಿದ್ದರೆ ನಾಲ್ಕೈದು ದಿನ ಬೇಕಾಗಬಹುದು. ಅಷ್ಟರಲ್ಲಿ ಗುಳಿಗೆಯ ಮೇಲೆ ಗುಳಿಗೆ ಹೊಟ್ಟೆ ಸೇರುತ್ತಲೇ ಇರುತ್ತದೆ. ಇದರ ಮೇಲೆ ಬಿಸಿಲ ಕಾಟ ಬೇರೆ: ಆಳಂದ, ಅಫಜಲಪುರ, ಜೇವರ್ಗಿಯ ಬೇಸಿಗೆ 40 ಡಿಗ್ರಿ ದಾಟುವಂಥದ್ದು. ಹೊಲದಲ್ಲಿ ಬೆವರು ಸುರಿಸಿದ ಮೈಗೆ ವಾಂತಿಭೇದಿಯೂ ಹತ್ತಿಕೊಂಡರೆ ಕಿಡ್ನಿಗೆ ಹರಿಯುವ ರಕ್ತ ತಗ್ಗುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಆಗ ನಿನ್ನೆಯವರೆಗೆ ಹಿತವಾಗಿದ್ದ ಪ್ರಮಾಣವೇ ವಿಷವಾಗಬಲ್ಲದು.

‘ಹತ್ತು ವರ್ಷದಿಂದ ಇದೇ ಗುಳಿಗಿ ನುಂಗಲತ್ತೀನಿ, ಏನೂ ಆಗಿಲ್ಲಲ್ಲ’ ಎನ್ನುವವರಿದ್ದಾರೆ. ಗುಳಿಗೆ ಅದೇ, ನಿಜ. ಕಿಡ್ನಿಗೆ ಮಾತ್ರ ಹತ್ತು ವರ್ಷ ವಯಸ್ಸಾಗಿದೆ. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ‘ಕ್ರಿಯಾಟಿನಿನ್ ನಾರ್ಮಲ್ ಬಂದಿದೆ’ ಎಂಬ ಸಮಾಧಾನವೂ ಸಾಲದು. ಆ ಅಂಶ ಹುಟ್ಟುವುದು ಸ್ನಾಯುವಿನಿಂದ. ಬಡಕಲು ಮೈಯ ಹಿರಿಯರಲ್ಲಿ ಕಿಡ್ನಿ ಕುಗ್ಗಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಅದಕ್ಕೇ ವೈದ್ಯರು ವಯಸ್ಸು, ತೂಕವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾದರೆ ಗುಳಿಗೆಯನ್ನೇ ಬಿಟ್ಟುಬಿಡೋಣವೇ? ಬೇಡ, ಬಡಿತ ಮತ್ತೆ ಹಿಡಿತ ತಪ್ಪೀತು. ಬಿಸಿಲೆಂದು ಹೃದಯ ದುರ್ಬಲವಾದವರು ನೀರನ್ನೂ ಮನಬಂದಂತೆ ಕುಡಿಯುವಂತಿಲ್ಲ. ಅಳತೆಯನ್ನು ವೈದ್ಯರಿಂದಲೇ ಕೇಳಿಕೊಳ್ಳಿ. ಕೀಲುನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಅದು ಕಿಡ್ನಿಗೆ ಪೆಟ್ಟು. ಊಟ ಸೇರದಿದ್ದರೆ, ಓಕರಿಕೆ ಬಂದರೆ, ಕಂಡದ್ದೆಲ್ಲ ಹಳದಿಯಾದರೆ, ಇಲ್ಲವೇ ನಾಡಿ ನಿಧಾನವಾದರೆ ಅದನ್ನು ಪಿತ್ತವೆಂದು ತಳ್ಳಿಹಾಕದೆ, ಮುಂದಿನ ಗುಳಿಗೆ ನುಂಗುವ ಮೊದಲೇ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಿ.