ಉಚಿತ ಸಾಫ್ಟ್‌ವೇರ್ ಕೈಕೊಟ್ಟರೆ ಯಾರನ್ನು ಕೇಳಬೇಕು?

ಅಂಗಡಿ ನಡೆಸುವವರಿರಲಿ, ಪತ್ತಿನ ಸಂಘದ ಕಾರ್ಯದರ್ಶಿಯಿರಲಿ, ಶಾಲೆಯ ಮುಖ್ಯಾಧ್ಯಾಪಕರಿರಲಿ, ನಿಮ್ಮಲ್ಲಿರುವ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಹೊಣೆಗಾರರು ಯಾರೆಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಲಿನಕ್ಸ್, ವರ್ಡ್‌ಪ್ರೆಸ್, ಗ್ರಂಥಾಲಯದ ಕೋಹಾ ಎಲ್ಲ ಈ ಬಗೆಯವೇ. ಇವುಗಳ ಪರವಾನಗಿಯಲ್ಲೇ ಯಾವ ಖಾತರಿಯೂ ಇಲ್ಲವೆಂಬ ಷರತ್ತಿದೆ. ಆದ್ದರಿಂದ ಕೋಡ್ ಬರೆದವರನ್ನು ಹೊಣೆ ಮಾಡಲು ಬರುವುದಿಲ್ಲ. ನೀವು ಹಣ ಕೊಟ್ಟು ಯಾರೊಂದಿಗೆ ಕರಾರು ಮಾಡಿಕೊಂಡಿದ್ದೀರೋ ಅವರನ್ನೇ ಕೇಳಬೇಕು. ಕರಾರೇ ಇಲ್ಲದಿದ್ದರೆ ಹೊಣೆ ನಿಮ್ಮದೇ.

ಮೊದಲು ಪಟ್ಟಿ ಮಾಡಿ. ಸರ್ವರ್, ವೆಬ್‌ಸೈಟ್, ಬಿಲ್ಲಿಂಗ್ ಯಂತ್ರ, ಸಿಸಿಟಿವಿ ರೆಕಾರ್ಡರ್, ವೈಫೈ ರೂಟರ್ ಯಾವುದನ್ನೂ ಬಿಡಬೇಡಿ. ದುಡ್ಡು ಕೊಟ್ಟು ತಂದ ಯಂತ್ರದೊಳಗೂ ಓಪನ್ ಸೋರ್ಸ್ ತುಣುಕುಗಳು ಅಡಗಿರುತ್ತವೆ.

ಆಮೇಲೆ ಪ್ರತಿಯೊಂದರ ಎದುರು ಎರಡು ಹೆಸರು ಬರೆಯಿರಿ: ದೋಷ ಸರಿಪಡಿಸುವವರು ಯಾರು, ಆ ತಿದ್ದುಪಡಿಯನ್ನು ನಿಮ್ಮ ಯಂತ್ರಕ್ಕೆ ಹಾಕುವವರು ಯಾರು. ಹೆಚ್ಚಿನವರು ಎಡವುವುದು ಇಲ್ಲೇ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಸಣ್ಣ ತುಣುಕಿನಲ್ಲಿ ಭಾರೀ ದೋಷ ಬಯಲಾಯಿತು. ಅದನ್ನು ನೋಡಿಕೊಳ್ಳುವ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ನ ಸ್ವಯಂಸೇವಕರು ತಿದ್ದುಪಡಿಯನ್ನೇನೋ ಕೊಟ್ಟರು. ಆದರೆ ಆ ತುಣುಕು ಸಾವಿರಾರು ಕಂಪನಿಗಳ ಉತ್ಪನ್ನಗಳೊಳಗೆ ಸೇರಿಹೋಗಿತ್ತು. ಆಯಾ ಕಂಪನಿ ತನ್ನ ಉತ್ಪನ್ನದ ಹೊಸ ಆವೃತ್ತಿ ಕೊಡುವತನಕ ಗ್ರಾಹಕರು ಕಾಯಬೇಕಾಯಿತು.

ಹೆಸರು ಗೊತ್ತಾಗದಿದ್ದರೆ ಹಳೆಯ ಬಿಲ್ಲು, ಎಎಂಸಿ (ವಾರ್ಷಿಕ ನಿರ್ವಹಣಾ ಕರಾರು) ಕಾಗದ, ಇಮೇಲ್ ಹುಡುಕಿ. ವೆಬ್‌ಸೈಟ್‌ಗೆ ಡೊಮೈನ್ ಯಾರ ಹೆಸರಿನಲ್ಲಿದೆ, ಹೋಸ್ಟಿಂಗ್ ಹಣ ಯಾರಿಗೆ ಹೋಗುತ್ತದೆ ನೋಡಿ. ಡೊಮೈನ್ ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ತಡಮಾಡದೆ ಸಂಸ್ಥೆಯ ಹೆಸರಿಗೆ ಮಾಡಿಸಿಕೊಳ್ಳಿ. ವರ್ಡ್‌ಪ್ರೆಸ್‌ನಲ್ಲಿ 'ಪ್ಲಗಿನ್ಸ್' ಪುಟ ತೆರೆದರೆ ಪ್ರತಿ ಪ್ಲಗಿನ್ ಕೆಳಗೆ ಆವೃತ್ತಿ ಮತ್ತು ತಯಾರಕರ ಹೆಸರು ಕಾಣುತ್ತದೆ. 'ವಿವರ' ಒತ್ತಿದರೆ ಕೊನೆಯ ಅಪ್‌ಡೇಟ್ ಯಾವಾಗ ಬಂತೆಂಬುದೂ ಸಿಗುತ್ತದೆ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಪ್ಲಗಿನ್ ತೆಗೆದುಹಾಕಿ.

ಆವೃತ್ತಿಯ ಅವಧಿಯನ್ನೂ ನೋಡಿ. ಸರ್ವರ್‌ಗಳಲ್ಲಿ ಬಳಸುವ ಲಿನಕ್ಸ್ ಬಗೆಯಾದ ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ರ ನಂತರ ಅಪ್‌ಡೇಟ್ ನಿಂತಿದೆ. ಅದನ್ನೇ ಇನ್ನೂ ನಡೆಸುತ್ತಿದ್ದರೆ, ಬದಲಾಯಿಸಿಕೊಡುವವರು ಯಾರೆಂದು ಈಗಲೇ ಗೊತ್ತು ಮಾಡಿಕೊಳ್ಳಿ.

ಎಎಂಸಿ ಕಾಗದದಲ್ಲಿ 'ನಿರ್ವಹಣೆ' ಎಂದಷ್ಟೇ ಇದ್ದರೆ ಒಪ್ಪಬೇಡಿ. ಭದ್ರತಾ ಅಪ್‌ಡೇಟ್ ಹಾಕುವವರು ಯಾರು, ಎಷ್ಟು ದಿನದೊಳಗೆ, ಬ್ಯಾಕಪ್ ಯಾರ ಕೆಲಸ ಎಂಬುದನ್ನು ಲಿಖಿತವಾಗಿ ಕೇಳಿ. ಹಣ ಕಡಿಮೆಯಿದೆಯೆಂದು ಬೇರೆ ಯಾವ ಸಾಲು ಬಿಟ್ಟರೂ ಈ ಸಾಲು ಬಿಡಬೇಡಿ. ನಿಮ್ಮ ಕಡೆಯಿಂದಲೂ ಒಬ್ಬ ಸಿಬ್ಬಂದಿಯ ಹೆಸರು ಅಲ್ಲಿರಲಿ.

ಸೈಬರ್ ದಾಳಿಯಾದರೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ಅದಕ್ಕೆ ವರದಿ ಮಾಡಬೇಕು, 180 ದಿನಗಳ ಲಾಗ್ ಕಾಯ್ದಿಡಬೇಕು. ಆ 6 ಗಂಟೆಯಲ್ಲಿ ಹೆಸರು ಹುಡುಕುತ್ತ ಕೂರುವಂತಾಗಬಾರದು. ಈ ವಾರವೇ ಎಎಂಸಿ ಕಾಗದ ತೆಗೆದು ಓದಿ.