ಡಿಸ್ಚಾರ್ಜ್‌ಗೆ ಮುಂಚಿನ ಒಂದು ಗಂಟೆ

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮನಿಗೆ 24 ವರ್ಷ. ಕಳೆದ ವಾರ ಜೀವ ಕಳೆದುಕೊಳ್ಳಲು ಯತ್ನಿಸಿದ. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದ. ಈಗ ಐಸಿಯುನಿಂದ ವಾರ್ಡಿಗೆ ಬಂದಿದ್ದಾನೆ, ರಕ್ತಪರೀಕ್ಷೆಗಳೆಲ್ಲ ನಾರ್ಮಲ್. ಆದರೆ ಮನೋವೈದ್ಯರು ನೋಡದೆ ಕಳಿಸುವುದಿಲ್ಲ ಎನ್ನುತ್ತಿದ್ದಾರೆ. ಅಪ್ಪನಿಗೆ ಇದು ಒಪ್ಪಿಗೆಯಿಲ್ಲ. ‘ತಪ್ಪಾಯ್ತು ಅಂತ ಅತ್ತಿದ್ದಾನೆ, ಈಗ ನಗುನಗುತ್ತಾ ಇದ್ದಾನೆ, ಮತ್ತೆ ಯಾಕೆ ಕೆದಕೋದು?’ ಅನ್ನುತ್ತಾರೆ. ಪೊಲೀಸ್ ಕೇಸು, ನಾಳೆ ಮದುವೆ ಮಾತುಕತೆ, ಎಲ್ಲದರ ಭಯವೂ ಇದೆ. ಈ ಪರೀಕ್ಷೆ ನಿಜವಾಗಿ ಬೇಕೇ?
– ಹೆಸರು ಬೇಡ, ಜಯಲಕ್ಷ್ಮಿಪುರಂ, ಮೈಸೂರು

ಉತ್ತರ: ಬೇಕು. ನಿಮ್ಮ ತಮ್ಮನನ್ನು ತಡೆದು ನಿಲ್ಲಿಸಿದ ಡಾಕ್ಟರು ಸರಿಯಾದುದನ್ನೇ ಮಾಡಿದ್ದಾರೆ. ರಕ್ತದ ರಿಪೋರ್ಟು ದೇಹ ಸುಧಾರಿಸಿದೆ ಎಂದಷ್ಟೇ ಹೇಳುತ್ತದೆ. ಆ ದಿನ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದ ಸಂಕಟ ಏನಾಯಿತು ಎಂಬುದು ಅದರಲ್ಲಿ ಇರುವುದಿಲ್ಲ. ಒಮ್ಮೆ ಇಂಥ ಯತ್ನ ಮಾಡಿದವರಲ್ಲಿ ನೂರಕ್ಕೆ ಸುಮಾರು 16 ಮಂದಿ ಒಂದು ವರ್ಷದೊಳಗೆ ಮತ್ತೆ ತಮಗೆ ಹಾನಿ ಮಾಡಿಕೊಂಡರು ಎಂದು 2002ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂತು. ಬಹುಪಾಲು ಜನ ಮತ್ತೆ ಆ ದಾರಿ ಹಿಡಿಯುವುದಿಲ್ಲ ಎಂಬ ಧೈರ್ಯವೂ ಅದೇ ಅಂಕಿಯಲ್ಲಿದೆ. ಆದರೆ ಯಾರು ಆ 16ರಲ್ಲಿ, ಯಾರು ಉಳಿದವರಲ್ಲಿ ಎಂದು ಮುಖದ ನಗು ನೋಡಿ ಹೇಳಲಾಗದು. ಆಸ್ಪತ್ರೆಯಲ್ಲಿ ಸುತ್ತ ಜನ, ಎಲ್ಲರ ಅಕ್ಕರೆ, ಜಗಳಕ್ಕೆ ಬಿಡುವು. ಮನೆಗೆ ಹೋದ ಮೂರನೆಯ ವಾರಕ್ಕೆ ಸಾಲಗಾರನ ಫೋನು ಮತ್ತೆ ಬರುತ್ತದೆ, ಮುರಿದ ಸಂಬಂಧ ಮುರಿದೇ ಇರುತ್ತದೆ. ಬಿಡುಗಡೆಯ ನಂತರದ ಮೊದಲ ವಾರಗಳನ್ನು ನಾವು ಹೆಚ್ಚು ಎಚ್ಚರದ ಕಾಲ ಎನ್ನುವುದು ಅದಕ್ಕೇ.

ಕೆದಕಿದರೆ ಮತ್ತೆ ಆ ಯೋಚನೆ ತಲೆಗೆ ಬಂದೀತು ಎಂಬ ಅಪ್ಪನವರ ಭಯ ಸಹಜವಾದದ್ದೇ, ಆದರೆ ಅದಕ್ಕೆ ಆಧಾರವಿಲ್ಲ. ನ್ಯೂಯಾರ್ಕ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು: ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿಸಿಕೊಂಡವರಲ್ಲಿ ಕಳವಳವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ, ಹಿಂದೆ ಯತ್ನಿಸಿದ್ದ ಮಕ್ಕಳಿಗೆ ಸ್ವಲ್ಪ ಹಗುರವೇ ಆಗಿತ್ತು. ನೋವು ಕೊಡುವುದು ಪ್ರಶ್ನೆಯಲ್ಲ, ಕೇಳುವ ರೀತಿ. ‘ನಮ್ಮ ಮಾನ ಕಳೆಯೋಕೆ ಹೀಗೆ ಮಾಡಿದ್ಯಾ?’ ಎಂದು ವಾರ್ಡಿನಲ್ಲೇ ನೆಂಟರು ಕೇಳುವುದುಂಟಲ್ಲ, ಅದು ಪ್ರಶ್ನೆಯೇ ಅಲ್ಲ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ನಿಮ್ಮನ್ನೆಲ್ಲ ಸ್ವಲ್ಪ ಹೊತ್ತು ಹೊರಗೆ ಕಳಿಸಿ ಅವನೊಬ್ಬನ ಜೊತೆ ಕೂರುತ್ತಾರೆ. ಆ ದಿನ ಬೆಳಗಿನಿಂದ ಏನೇನಾಯಿತು, ಮೊದಲೇ ಯೋಚಿಸಿದ್ದನೇ ಅಥವಾ ಆ ಗಳಿಗೆಯ ಉದ್ವೇಗವೇ, ಬದುಕಿ ಉಳಿದದ್ದಕ್ಕೆ ಈಗ ಏನನ್ನಿಸುತ್ತದೆ, ನಿದ್ದೆ, ಕುಡಿತ, ಸಾಲ, ಹಿಂದಿನ ಯತ್ನಗಳು, ಕಿವಿಯಲ್ಲಿ ಮಾತು ಕೇಳಿಸುವುದು – ಇವನ್ನೆಲ್ಲ ಕೇಳುತ್ತಾರೆ. ನಂತರ ನಿಮ್ಮನ್ನೂ ಕರೆದು ಮಾತಾಡಿಸುತ್ತಾರೆ. ಎಲ್ಲರಿಗೂ ಖಿನ್ನತೆ ಇರಲೇಬೇಕೆಂದಿಲ್ಲ, ಎಲ್ಲರಿಗೂ ಮಾತ್ರೆ ಬರೆಯುವುದೂ ಇಲ್ಲ. 2022ರ ರಾಷ್ಟ್ರೀಯ ಅಪರಾಧ ದಾಖಲೆಗಳಲ್ಲಿ ಆತ್ಮಹತ್ಯೆಗೆ ನಮೂದಾದ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆಯೇ ಮೊದಲನೆಯದು, ಕಾಯಿಲೆ ಎರಡನೆಯದು. ಆ ವರ್ಷ ಕರ್ನಾಟಕದಲ್ಲಿ 13,606 ಮಂದಿ ಹೀಗೆ ತೀರಿಕೊಂಡರು.

‘ಯಾವ ಪರೀಕ್ಷೆಯೂ ಮುಂದಿನದನ್ನು ಹೇಳಲಾರದಲ್ಲ, ಮತ್ತೆ ಯಾಕೆ?’ ಎಂದು ಓದಿದವರೇ ವಾದಿಸುತ್ತಾರೆ. ಅವರ ಮಾತಿನ ಮೊದಲರ್ಧ ಪೂರ್ತಿ ನಿಜ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ, ಅಂಕ ಕೂಡಿಸಿ ‘ಹೆಚ್ಚು ಅಪಾಯ’, ‘ಕಡಿಮೆ ಅಪಾಯ’ ಎಂದು ಭವಿಷ್ಯ ನುಡಿಯುವ ಪಟ್ಟಿಗಳನ್ನು ಬಳಸಬೇಡಿ ಎಂದೇ ಹೇಳಿತು. ಆದರೆ ಈ ಮಾತುಕತೆಯ ಉದ್ದೇಶ ಕಣಿ ಹೇಳುವುದಲ್ಲ. ಅದೇ ಚಿಕಿತ್ಸೆಯ ಮೊದಲ ಡೋಸು. ಇದಕ್ಕೆ ಪುರಾವೆ ನಮ್ಮ ಪಕ್ಕದಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಊರುಗಳಲ್ಲಿ, ಯತ್ನದ ನಂತರ ಆಸ್ಪತ್ರೆಗೆ ಬಂದ 1,867 ಮಂದಿಯನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಬಿಡುಗಡೆಯ ಹೊತ್ತಿಗೆ ಸುಮಾರು ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. 2008ರಲ್ಲಿ ಬಂದ ಫಲಿತಾಂಶ: ಮೊದಲ ಗುಂಪಿನಲ್ಲಿ ಶೇ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರೆ, ಎರಡನೆಯದರಲ್ಲಿ ಶೇ 0.2. ಮತ್ತೆ ಯತ್ನಿಸಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತೆಂಬುದನ್ನೂ ಹೇಳಬೇಕು, ಕಡಿಮೆಯಾದದ್ದು ಸಾವು. ಅದಕ್ಕೂ ಮೊದಲು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೆರೋಮ್ ಮೊಟ್ಟೊ ಎಂಬ ಮನೋವೈದ್ಯರು, ಮುಂದಿನ ಚಿಕಿತ್ಸೆ ಬೇಡವೆಂದು ಹೋದವರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ನಾಲ್ಕು ಸಾಲಿನ ಕ್ಷೇಮಸಮಾಚಾರದ ಕಾಗದ ಬರೆಸಿದ್ದರು. ಕಾಗದ ತಲುಪಿದವರಲ್ಲಿ ಮೊದಲೆರಡು ವರ್ಷ ಸಾವು ಕಡಿಮೆಯಿತ್ತು.

‘ನಾವೇ ಇಪ್ಪತ್ನಾಲ್ಕು ಗಂಟೆ ಕಾಯ್ತೀವಿ’ ಎನ್ನುವ ಮನೆಯವರ ಪ್ರೀತಿ ದೊಡ್ಡದು. ಅದಕ್ಕೆ ಒಂದು ದಾರಿ ಬೇಕು, ಅದನ್ನು ಈ ಮಾತುಕತೆ ಕೊಡುತ್ತದೆ. ಅವನದೇ ಮಾತಿನಲ್ಲಿ ಒಂದು ಹಾಳೆ ಬರೆಸುತ್ತಾರೆ: ಮನಸ್ಸು ಕೆಡುತ್ತಿದೆ ಎಂದು ತನಗೆ ಯಾವುದರಿಂದ ಗೊತ್ತಾಗುತ್ತದೆ, ಆಗ ಏನು ಮಾಡಬಲ್ಲ, ಯಾರಿಗೆ ಫೋನ್ ಮಾಡುತ್ತಾನೆ, ಮನೆಯಲ್ಲಿ ಅಪಾಯವಾಗಬಲ್ಲದ್ದನ್ನು ಯಾರು ತೆಗೆದಿಡುತ್ತಾರೆ. ಈ ಕೊನೆಯದು ನಿಮ್ಮ ಕೆಲಸ, ಅವನು ಮನೆಗೆ ಬರುವ ಮುಂಚೆಯೇ ಆಗಬೇಕು. ಉದ್ವೇಗದ ಆ ಗಳಿಗೆ ಬಹಳ ಸಲ ಚಿಕ್ಕದು. ಅದು ದಾಟುವವರೆಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಪೊಲೀಸರ ವಿಷಯ. ಆಸ್ಪತ್ರೆ ಇದನ್ನು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಿ ಠಾಣೆಗೆ ತಿಳಿಸುತ್ತದೆ, ಹೇಳಿಕೆ ಪಡೆಯಲು ಬರಲೂಬಹುದು. ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಆರೈಕೆ ಕೊಡುವುದನ್ನು ಸರ್ಕಾರದ ಹೊಣೆಯಾಗಿಸುತ್ತದೆ. ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ಐಪಿಸಿ 309 ಕೂಡ 2024ರ ಜುಲೈ 1ರಿಂದ ಇಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ಮಾಡುವ ಯತ್ನ ಮಾತ್ರ ಅಪರಾಧ. ಮದುವೆಯ ಚಿಂತೆಗೂ ಉತ್ತರ ಅದೇ 2017ರ ಕಾಯ್ದೆಯಲ್ಲಿದೆ: ಚಿಕಿತ್ಸೆಯ ವಿವರ ಗೋಪ್ಯವಾಗಿಡುವುದು ರೋಗಿಯ ಹಕ್ಕು. ಇನ್ನೊಂದು ಮಾತು, ಅಪ್ಪನವರಿಗೆ ಮೆಲ್ಲಗೆ ಹೇಳಿ: 24ರ ಹುಡುಗನ ಪರವಾಗಿ ಬೇಡ ಎನ್ನುವ ಅಧಿಕಾರ ಅವರಿಗಿಲ್ಲ. ಕೇಳಬೇಕಾದದ್ದು ಅವನನ್ನೇ.

ಈಗಿರುವ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗದಿದ್ದರೆ, ಕೆ.ಆರ್. ಆಸ್ಪತ್ರೆಯಲ್ಲೂ ಜೆಎಸ್ಎಸ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ, ರೆಫರಲ್ ಬರೆಸಿಕೊಳ್ಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಭೇಟಿಯ ದಿನಾಂಕ ಇದೆಯೇ ನೋಡಿ, ಅದು ಒಂದು ವಾರದೊಳಗಿರಲಿ. ನಡುವೆ ಕಷ್ಟವೆನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅವನಷ್ಟೇ ಅಲ್ಲ, ನಿದ್ದೆಗೆಟ್ಟು ಕಾಯುತ್ತಿರುವ ನೀವೂ ಮಾಡಬಹುದು.